ಸಹಾಯ ಬೇಕು: ಕನ್ನಡ ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಚಂದಾ ಕಟ್ಟಬೇಕೇ, ಸ್ಕ್ರೈಬಸ್ ಸಾಕೇ?

ಎಲ್ಲರಿಗೂ ನಮಸ್ಕಾರ. ಪೇಜ್‌ಮೇಕರ್ 7ರಲ್ಲಿ ನುಡಿ ಫಾಂಟ್ ಬಳಸಿ ವರ್ಷಕ್ಕೆ ನಾಲ್ಕೈದು ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡಿಕೊಡುವ ನನಗೆ, ಪ್ರಕಾಶಕರು ಈಗ ಯೂನಿಕೋಡ್ (ಎಲ್ಲ ಗಣಕಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ) ಕಡತವನ್ನೇ ಕೇಳುತ್ತಿರುವುದರಿಂದ, ಯೂನಿಕೋಡ್ ಕನ್ನಡವನ್ನು ಬೆಂಬಲಿಸದ 2001ರ ಆ ತಂತ್ರಾಂಶವನ್ನು ಬಿಡದೆ ಗತ್ಯಂತರವಿಲ್ಲವಾಗಿದೆ. ಅಡೋಬಿ ಕಂಪನಿಯ ಇನ್‌ಡಿಸೈನ್‌ನಲ್ಲಿರುವ ವರ್ಲ್ಡ್ ರೆಡಿ ಕಂಪೋಸರ್ (ಭಾರತೀಯ ಲಿಪಿಗಳನ್ನೂ ಜೋಡಿಸಬಲ್ಲ ಸೌಲಭ್ಯ) ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಆದರೆ 2013ರಲ್ಲಿ ಅಡೋಬಿ ಚಂದಾ ಪದ್ಧತಿಗೆ ಹೊರಳಿದ ಮೇಲೆ ಒಮ್ಮೆ ಕೊಂಡು ವರ್ಷಗಟ್ಟಲೆ ಬಳಸುವ ದಾರಿ ಉಳಿದಿಲ್ಲ, ಬೇಕಾದ ತಿಂಗಳಿಗಷ್ಟೇ ಪಡೆಯಹೋದರೆ ವಾರ್ಷಿಕ ಒಪ್ಪಂದಕ್ಕಿಂತ ದರ ಹೆಚ್ಚು. (ಕಳ್ಳಪ್ರತಿಯನ್ನು ದಯವಿಟ್ಟು ಸೂಚಿಸಬೇಡಿ.) ಉಚಿತವಾಗಿ ಸಿಗುವ ಸ್ಕ್ರೈಬಸ್ 1.6ರಲ್ಲಿ ಮುನ್ನೂರು ಪುಟಗಳಷ್ಟು ದೊಡ್ಡ ಕನ್ನಡ ಪುಸ್ತಕವನ್ನು ಸಿದ್ಧಪಡಿಸಿ ಅಚ್ಚಿಗೆ ಕಳುಹಿಸಿದವರು ಯಾರಾದರೂ ಇದ್ದರೆ, ಸಾಲಿನ ಕೊನೆಯಲ್ಲಿ ಪದ ಒಡೆಯುವ ಬಗೆಯನ್ನೂ ಹಳೆಯ ನುಡಿ ಕಡತಗಳನ್ನು ಪರಿವರ್ತಿಸುವಾಗ ಅರ್ಕಾವತ್ತು ಕೆಡದಂತೆ ನೋಡಿಕೊಂಡ ಕ್ರಮವನ್ನೂ ತಿಳಿಸಬೇಕಾಗಿ ವಿನಂತಿ.