ಮಿನುಗದ ನಕ್ಷತ್ರಕ್ಕೆ ಯಾವ ಕ್ರಿಯಾಪದ?

ಗೆಳೆಯರೇ,

ಬ್ಲೆಂಡರ್ ಎಂಬ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್‌ನಲ್ಲಿ ಬಾಹ್ಯಾಕಾಶದ ಸೀನ್ ಮಾಡುವುದು ಹೇಗೆ ಅಂತ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ತಡೆದು ನಿಂತಿದ್ದೇನೆ. 'ಕಪ್ಪು ಹಿನ್ನೆಲೆಯಲ್ಲಿ ಮಿನುಗುವ ನಕ್ಷತ್ರಗಳು' ಎಂದು ಬರೆದೆ. ಅದು ತಪ್ಪು, ಅಲ್ವಾ? ನಕ್ಷತ್ರ ಮಿನುಗುವುದು ನಮ್ಮ ಗಾಳಿಯಿಂದ. ಬಿಸಿ, ತಣ್ಣನೆ ಗಾಳಿಯ ಪದರಗಳು ಅಲುಗಾಡುತ್ತಾ ಬೆಳಕನ್ನು ಅತ್ತಿತ್ತ ಬಾಗಿಸುತ್ತವೆ. ಗಾಳಿ ದಾಟಿ ಮೇಲೆ ಹೋದರೆ ಮಿನುಗಾಟವೇ ಇಲ್ಲ. ನನ್ನ ಪಾಠ ಓದಿ ಯಾರಾದರೂ ಅಲ್ಲಿ ನಕ್ಷತ್ರ ಮಿನುಗಿಸಿದರೆ, ಆಕಾಶ ಮದುವೆಮನೆಯ ಸೀರಿಯಲ್ ಸೆಟ್ ಥರ ಕಾಣುತ್ತದೆ.

ಹಾಗಾದರೆ ಯಾವ ಪದ? 'ಹೊಳೆ' ಅಂದರೆ ನನ್ನ ಕಿವಿಗೆ ತೊಳೆದ ಪಾತ್ರೆ, ಒದ್ದೆ ಕಣ್ಣು. ಬೇರೆಲ್ಲಿಂದಲೋ ಬಿದ್ದ ಬೆಳಕು. ನಕ್ಷತ್ರದ್ದು ಸ್ವಂತ ಬೆಳಕು. 'ಬೆಳಗು' ಅಂದರೆ ಸುತ್ತಲೂ ಬೆಳಕಾಗಬೇಕು. ಇಲ್ಲಿ ಸುತ್ತ ಬರೀ ಕಪ್ಪು. ನನಗೆ 'ಉರಿ' ಹಿಡಿಸಿದೆ. ದೀಪ ಉರಿಯುತ್ತಿದೆ ಅಂತೀವಲ್ಲ, ಹಾಗೆ. ಗಾಳಿ ಇಲ್ಲದ ಗರ್ಭಗುಡಿಯಲ್ಲಿ ನಂದಾದೀಪ ಅಲುಗದೆ ಉರಿಯುವ ಚಿತ್ರ ಇದಕ್ಕೆ ಸರಿಯಾಗಿ ಕೂರುತ್ತದೆ. ಆದರೆ 'ಉರಿಯುವ ನಕ್ಷತ್ರ' ಅಂದರೆ ಓದುಗರು ಬೆಂಕಿ, ಜ್ವಾಲೆ ಅಂದುಕೊಂಡಾರು ಎಂಬ ಅನುಮಾನ ಇದೆ.

ಇನ್ನೊಂದು ತೊಡಕು 'ಚುಕ್ಕಿ'. ಸ್ಟಾರ್‌ಫೀಲ್ಡ್‌ಗೆ, ಅಂದರೆ ನಕ್ಷತ್ರ ತುಂಬಿದ ಹಿನ್ನೆಲೆಗೆ, 'ಚುಕ್ಕಿಪರದೆ' ಅನ್ನೋಣ ಅಂದುಕೊಂಡೆ. ನಾಟಕದ ಪರದೆಯ ನೆನಪೂ ಬರುತ್ತದೆ. ಆದರೆ ಚುಕ್ಕಿ ಅಂದ ಕೂಡಲೇ ರಂಗೋಲಿಯ ಸಮ ಅಂತರ ಮನಸ್ಸಿಗೆ ಬರುತ್ತದೆ. ಹೊಸಬರು ಮಾಡುವ ತಪ್ಪೂ ಅದೇ. ಒಂದೇ ಗಾತ್ರದ ಚುಕ್ಕಿಗಳನ್ನು ಒಂದೇ ದೂರದಲ್ಲಿ ಇಡುತ್ತಾರೆ. ನಿಜವಾದ ಆಕಾಶದಲ್ಲಿ ಕೃತ್ತಿಕೆಯಂಥ ಗುಂಪು ಒಂದು ಕಡೆ, ಪಕ್ಕದಲ್ಲೇ ಖಾಲಿ ಜಾಗ. ಹಾಲುಹಾದಿಯ ಉದ್ದಕ್ಕೂ ದಟ್ಟಣೆ ಜಾಸ್ತಿ. ಬೆಳಕೂ ಸಮ ಇಲ್ಲ. ಒಂದನೇ ದರ್ಜೆಯ ನಕ್ಷತ್ರ, ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಆರನೇ ದರ್ಜೆಯದಕ್ಕಿಂತ 100 ಪಟ್ಟು ಪ್ರಕಾಶದ್ದು. ಪ್ರಖರವಾದವು ಬೆರಳೆಣಿಕೆಯಷ್ಟು, ಮಂಕಾದವು ಸಾವಿರಾರು.

ಹಾಗಾಗಿ 'ಸ್ಕ್ಯಾಟರ್' (ಲೆಕ್ಕವಿಲ್ಲದೆ ಅಲ್ಲಲ್ಲಿ ಹರಡುವುದು) ಅನ್ನುವುದಕ್ಕೆ ಹೊಲದ ಮಾತು ತಂದಿದ್ದೇನೆ. ಸಾಲು ಬಿತ್ತನೆ ಅಲ್ಲ, ಚೆಲ್ಲು ಬಿತ್ತನೆ. 'ನಕ್ಷತ್ರಗಳನ್ನು ಚೆಲ್ಲಿ' ಅಂತ ಬರೆದರೆ ಕೈಯ ಚಲನೆಯೇ ಕಣ್ಣಿಗೆ ಕಟ್ಟುತ್ತದೆ. ಇದನ್ನು ಬಿಡುವ ಮನಸ್ಸಿಲ್ಲ.

ಉತ್ತರ ಕರ್ನಾಟಕದವರಿಗೆ ಒಂದು ಪ್ರಶ್ನೆ. ನಿಮ್ಮ ಕಡೆ ನಕ್ಷತ್ರಕ್ಕೆ 'ಚಿಕ್ಕಿ' ಅಂತೀರಿ. ರಂಗೋಲಿಯ ಬಿಂದುವಿಗೂ ಅದೇ ಪದವೋ, ಬೇರೆಯೋ? ಬೇರೆ ಆದರೆ 'ಚಿಕ್ಕಿಪರದೆ' ಅಂತಲೇ ಇಡುತ್ತೇನೆ. ಅಲುಗದ ಬೆಳಕಿಗೆ ನಿಮ್ಮ ಮನೆಮಾತಿನಲ್ಲಿ ಪದ ಇದ್ದರೆ ಅದನ್ನೂ ಬರೆಯಿರಿ.