ಚಾರ್ಮಾಡಿ ಘಾಟಿ ಇಳಿಯುವ ಕಾರಿಗೆ ತೂತಿನ ಬ್ರೇಕ್ ಡಿಸ್ಕ್ ಸರಿಯಾ? ಬಿರುಕು ಬಿಟ್ಟಿದೆ

ಮೂಡಿಗೆರೆಯವ:
ಎಲ್ಲರಿಗೂ ನಮಸ್ಕಾರ. ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಹಳೆ ಓನರ್ ಮುಂದಿನ ಚಕ್ರಗಳಿಗೆ ತೂತು ಕೊರೆದ ಡಿಸ್ಕ್ ಹಾಕಿಸಿದ್ದಾರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆಗೆ ಆಗಾಗ ಹೋಗಬೇಕು. ಮೊನ್ನೆ ಚಕ್ರ ಬಿಚ್ಚಿದಾಗ ನೋಡಿದರೆ ತೂತಿನಿಂದ ತೂತಿಗೆ ಕೂದಲೆಳೆಯಂಥ ಗೆರೆಗಳು, ಒಂದಂತೂ ಅಂಚಿನ ತನಕ ಹೋಗಿದೆ. ಮೆಕ್ಯಾನಿಕ್ ಲೇತ್‌ಗೆ ಕೊಟ್ಟು ಮೇಲ್ಮೈ ತೆಗೆಸಿದರೆ ಸಾಕು ಅನ್ನುತ್ತಾರೆ. ಮಳೆ ನೀರು ಬಿದ್ದು ಹೀಗಾಯ್ತಾ?

ಹಳೇ ಡ್ರೈವರ್, ಸಕಲೇಶಪುರ:
ಅಂಚಿಗೆ ಮುಟ್ಟಿದೆ ಅಂದಮೇಲೆ ಆ ಡಿಸ್ಕ್‌ನಲ್ಲಿ ಘಾಟಿ ಇಳಿಯಬೇಡಿ, ದಯವಿಟ್ಟು. ಲೇತ್‌ಗೆ ಹಾಕಿದರೆ ಡಿಸ್ಕ್ ತೆಳುವಾಗುತ್ತದೆ, ಒಳಗಿನ ಬಿರುಕು ಹಾಗೇ ಇರುತ್ತದೆ. ತೆಳು ಡಿಸ್ಕ್ ಇನ್ನೂ ಬೇಗ ಕಾಯುತ್ತದೆ. ಎಷ್ಟು ತೆಳುವಾದರೆ ಬದಲಿಸಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಮಿಲಿಮೀಟರ್‌ನಲ್ಲಿ ಅಚ್ಚು ಹಾಕಿರುತ್ತಾರೆ, ನೋಡಿ. ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕ್ ಪ್ಯಾಡೂ ಹೊಸದು ಹಾಕಿ.

ಕಬ್ಬಿಣದ ಕೆಲಸ, ಹಾಸನ:
ಮಳೆ ಒಂದನ್ನೇ ದೂರಬೇಡಿ. 1200 ಕೆಜಿ ಕಾರು 700 ಮೀಟರ್ ಕೆಳಗಿಳಿದರೆ ಬರುವ ಶಕ್ತಿಯಲ್ಲಿ ಸುಮಾರು 25 ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. ಕಮ್ಮಿ ಗೇರ್‌ನಲ್ಲಿ ಎಂಜಿನ್ ಕಾರನ್ನು ತಡೆದು ಹಿಡಿಯದಿದ್ದರೆ ಅದರಲ್ಲಿ ಬಹುಪಾಲು ಬ್ರೇಕ್ ಮೇಲೇ ಬೀಳುತ್ತದೆ, ಅದರಲ್ಲೂ ಮುಂದಿನ ಡಿಸ್ಕ್‌ಗೆ ಜಾಸ್ತಿ. ಪ್ಯಾಡ್ ಉಜ್ಜುವ ಮೇಲ್ಮೈ ಮೊದಲು ಕಾದು ಹಿಗ್ಗಲು ನೋಡುತ್ತದೆ, ಒಳಗಿನ ತಣ್ಣನೆ ಕಬ್ಬಿಣ ಬಿಡುವುದಿಲ್ಲ. ಹಾಗಾಗಿ ಮೇಲಿನ ಪದರ ಅಲ್ಲೇ ಅದುಮಿಕೊಳ್ಳುತ್ತದೆ. ತಣ್ಣಗಾಗುವಾಗ ಅದೇ ಪದರ ಕುಗ್ಗಿ ಎಳೆತಕ್ಕೆ ಸಿಗುತ್ತದೆ. ಡಿಸ್ಕ್ ಎರಕದ ಕಬ್ಬಿಣದ್ದು, ಅದುಮಿದರೆ ತಡೆಯುತ್ತದೆ, ಎಳೆದರೆ ತಡೆಯುವುದು ಕಡಿಮೆ. ಪ್ರತಿ ಇಳಿತಕ್ಕೂ ಇದೇ ನಡೆದು ಗೆರೆ ಹುಟ್ಟುತ್ತದೆ. ತೂತಿನ ಅಂಚಿನಲ್ಲಿ ಎಳೆತ ಗುಂಪಾಗುವುದರಿಂದ ಬಿರುಕು ಅಲ್ಲಿಂದಲೇ ಶುರು. ಕಾದ ಡಿಸ್ಕ್ ಮೇಲೆ ನೀರು ಎರಚಿದರೆ ಇದು ಜೋರಾಗುತ್ತದೆ, ಅಷ್ಟೇ.

ಮೂಡಿಗೆರೆಯವ:
ಆದರೆ ತೂತಿದ್ದರೆ ಬೇಗ ತಣ್ಣಗಾಗುತ್ತದೆ ಅಲ್ವಾ?

ಕಬ್ಬಿಣದ ಕೆಲಸ, ಹಾಸನ:
ತೂತು ಕೊರೆದಷ್ಟೂ ಶಾಖ ಹಿಡಿದಿಡುವ ಕಬ್ಬಿಣ ಕಮ್ಮಿಯಾಗುತ್ತದೆ. ಹಳೆ ಕಾಲದ ಪ್ಯಾಡ್‌ಗಳು ಕಾದಾಗ ಬಿಡುತ್ತಿದ್ದ ಗ್ಯಾಸ್ ಹೊರಹೋಗಲು ತೂತು ಬೇಕಿತ್ತು, ಈಗಿನ ಪ್ಯಾಡ್‌ಗಳಲ್ಲಿ ಆ ತೊಂದರೆ ತುಂಬಾ ಕಡಿಮೆ. ಮಳೆಯಲ್ಲಿ ನೀರು ಬೇಗ ಸರಿಯುತ್ತದೆ, ಆ ಲಾಭ ನಿಜ. ಅದೇ ಬೇಕಿದ್ದರೆ ತೂತಿನ ಬದಲು ಮೇಲ್ಮೈಯಲ್ಲಿ ಉದ್ದುದ್ದ ಗೀರು ಕೊರೆದ ಡಿಸ್ಕ್ ವಾಸಿ, ಬಿರುಕಿನ ಭಯ ಕಮ್ಮಿ, ಪ್ಯಾಡ್ ಮಾತ್ರ ಸ್ವಲ್ಪ ಬೇಗ ಸವೆಯುತ್ತದೆ. ನಿಜವಾಗಿ ತಣ್ಣಗಿಡುವುದು ವೆಂಟಿಲೇಟೆಡ್ ಡಿಸ್ಕ್: ಎರಡು ತಟ್ಟೆಗಳ ನಡುವಿನ ಸಂದಿನಲ್ಲಿ ಗಾಳಿಯನ್ನು ಒಳಗಿಂದ ಎಳೆದು ಅಂಚಿಗೆ ತಳ್ಳುತ್ತದೆ. ನಿಮ್ಮ ಕಾರಿಗೆ ಕಂಪನಿ ಕೊಟ್ಟಿದ್ದು ಅದೇ ಆಗಿದ್ದರೆ ತೂತಿಲ್ಲದ ಅದನ್ನೇ ಹಾಕಿಸಿ.

ಹಳೇ ಡ್ರೈವರ್, ಸಕಲೇಶಪುರ:
ಇಳಿಯುವಾಗ ಸೆಕೆಂಡ್ ಗೇರ್, ತೀರಾ ಕಡಿದಾದ ಕಡೆ ಫಸ್ಟ್. ಸುಮ್ನೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬರಬೇಡಿ, ಒತ್ತಿ ವೇಗ ಇಳಿಸಿ ಬಿಡಿ. ಕೆಳಗೆ ಬಂದ ಕೂಡಲೇ ಚಕ್ರಕ್ಕೆ ನೀರು ಹೊಡೆಯಬೇಡಿ. ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಹಳೆ ಓನರ್‌ನ ಕೇಳಿ, ತೇವ ಎಳೆದುಕೊಂಡ ಹಳೆ ಆಯಿಲ್ ಬೇಗ ಕುದಿಯುತ್ತದೆ, ಆಗ ಪೆಡಲ್ ಪೂರ್ತಿ ಒಳಗೆ ಹೋಗುತ್ತದೆ.