ಸಮಾಜಸೇವೆ, ಸಮಾಜಕಾರ್ಯ, ಸೇವಾರ್ಥಿ: ಯಾವ ಪದ ಬಳಸೋದು?

ಎಲ್ಲರಿಗೂ ನಮಸ್ಕಾರ, ಒಂದು ಪದದ ಗೋಜಲು.

ಬೆಂಗಳೂರಿನ ಒಂದು ಆಸ್ಪತ್ರೇಲಿ ಸೋಷಿಯಲ್ ವರ್ಕರ್ ಆಗಿದೀನಿ. ಪೇಷೆಂಟ್ ಮನೆಯವರಿಗೆ ಕೊಡೋಕೆ ಕನ್ನಡದಲ್ಲಿ ಕರಪತ್ರ ಬರೀತಾ ಮೊದಲನೇ ಸಾಲಲ್ಲೇ ಸಿಕ್ಕಾಕೊಂಡೆ, ನಾನು ಯಾರು ಅಂತ ಬರೀಲಿ? 'ಸಮಾಜಸೇವಕಿ' ಅನ್ನೋ ಹಂಗಿಲ್ಲ, ಇಲ್ಲಿ ಅದು ಫ್ಲೆಕ್ಸ್ ಮೇಲಿನ ಪದ, ಎಲೆಕ್ಷನ್ ಹತ್ರ ಬಂದ್ರೆ ಸರ್ಕಲ್ ಸರ್ಕಲ್ಲಲ್ಲೂ ಸಮಾಜಸೇವಕರು ಕೈಮುಗಿದು ನಿಂತಿರ್ತಾರೆ. ಅಲ್ದೆ ಸೇವೆ ಅಂದಕೂಡ್ಲೆ ಸಂಬಳ ಯಾಕೆ ಅಂತಾರೆ. "ಸೇವೆಗೂ ಡಿಗ್ರಿ ಬೇಕೇನಮ್ಮ" ಅಂತ ನಮ್ ದೊಡ್ಡಪ್ಪ. ಬೇಕು! ಬಾಂಬೆಲಿ ಟಾಟಾದವರ ಸ್ಕೂಲು, ಈಗ ಟಿಸ್ ಅಂತೀವಲ್ಲ ಅದು, ಇದನ್ನ ಕಲಿಸೋಕೇ ಅಂತ 1936ರಲ್ಲಿ ಶುರುವಾಗಿದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗೆ ಪಿಜಿ ಮೇಲೆ 2 ವರ್ಷದ ಎಂಫಿಲ್ ಕೇಳತ್ತೆ, ನಿಮ್ಹಾನ್ಸಲ್ಲಿ ಅದಕ್ಕೇ ಬೇರೆ ವಿಭಾಗ ಇದೆ.

ಯೂನಿವರ್ಸಿಟಿಗಳ ಪದ 'ಸಮಾಜಕಾರ್ಯ'. ಸೇವೆ ಬಿಟ್ಟಿದ್ದು ಒಳ್ಳೇದೇ, ಆದ್ರೆ ವಾರ್ಡಲ್ಲಿ ಹಂಗಂದಿದ್ದಕ್ಕೆ ಒಬ್ರು ಅಜ್ಜಿ "ಯಾರ ಕಾರ್ಯನವ್ವ, ಎಷ್ಟನೇ ದಿನದ್ದು" ಅಂದ್ಬಿಟ್ರು. 'ಸಮಾಜ' ಅಂದ್ರೆ ಜಾತಿ ಸಂಘ ಅನ್ಕೋತಾರೆ, 'ಕಾರ್ಯಕರ್ತೆ' ಅಂದ್ರೆ ಯಾವ ಪಾರ್ಟಿ ಅಂತಾರೆ.

ಇನ್ನೂ ದೊಡ್ಡ ತಲೆನೋವು ಕ್ಲೈಂಟ್‌ದು, ಅಂದ್ರೆ ನಮ್ ಹತ್ರ ಸಹಾಯಕ್ಕೆ ಬರೋರನ್ನ ಏನಂತ ಕರೆಯೋದು ಅನ್ನೋದು. 'ಸೇವಾರ್ಥಿ' ಅಂತ ಬರೆಯೋರಿದಾರೆ. ದೇವಸ್ಥಾನದ ಫ್ಯಾನ್ ರೆಕ್ಕೆ ಮೇಲೆ, ಟ್ಯೂಬ್‌ಲೈಟ್ ಮೇಲೆ 'ಸೇವಾರ್ಥ' ಅಂತ ಬರೆಸಿರ್ತಾರಲ್ಲ, ಅಲ್ಲಿ ಅದು ಕೊಟ್ಟೋರ ಹೆಸರು, ಇಲ್ಲಿ ನೋಡಿದ್ರೆ ಕೇಳ್ಕೊಂಡು ಬಂದೋರು! 'ಕಕ್ಷಿದಾರ' ಲಾಯರ್‌ದು, 'ಗಿರಾಕಿ' ಅಂಗಡಿದು. 'ಫಲಾನುಭವಿ' ಸರ್ಕಾರಿ ಸ್ಕೀಮ್‌ದು, ಅದು ನನಗೆ ಸುತರಾಂ ಒಗ್ಗಲ್ಲ, ಯಾರೋ ಕೊಟ್ಟಿದ್ದನ್ನ ಸುಮ್ನೆ ಇಸ್ಕೊಂಡು ಹೋಗೋರು ಅನ್ನೋ ಹಂಗಿದೆ. ಸ್ಟ್ರೋಕ್ ಆಗಿ ಮಲಗಿರೋರ ಮನೆಯವರ ಜೊತೆ ಕೂತು, ಡಿಸ್ಚಾರ್ಜ್ ಆದ್ಮೇಲೆ ಯಾರು ನೋಡ್ಕೋತೀರಾ, ರೇಷನ್ ಕಾರ್ಡ್ ಇದ್ಯಾ, ಕೆಲಸ ಬಿಡೋದು ಸೊಸೆನೇ ಯಾಕೆ ಆಗ್ಬೇಕು, ಇದನ್ನೆಲ್ಲ ಅವರವರೇ ಮಾತಾಡಿ ತೀರ್ಮಾನ ಮಾಡೋ ಹಂಗೆ ಮಾಡೋದು ನಮ್ ಕೆಲಸ, ನಾವು ಹೇಳಿದ್ದು ಬೇಡ ಅನ್ನೋ ಹಕ್ಕೂ ಅವರಿಗಿರತ್ತೆ. ಅಂಥೋರನ್ನ ಫಲಾನುಭವಿ ಅಂತ ಹೆಂಗ್ ಕರೀಲಿ?

ಸದ್ಯಕ್ಕೆ 'ಸೋಷಿಯಲ್ ವರ್ಕರ್' ಅಂತಲೇ ಇಟ್ಟು, ಕ್ಲೈಂಟ್ ಬರೋ ಕಡೆಯೆಲ್ಲ 'ನೀವು' ಅಂತ ಬರ್ದು ತಪ್ಪಿಸ್ಕೊಂಡಿದೀನಿ. ಕೇಸ್ ಶೀಟಲ್ಲಿ 'ನೀವು' ಅಂತ ಬರೆಯೋಕಾಗಲ್ವಲ್ಲ. ಧಾರವಾಡ, ಮಂಗಳೂರು ಕಡೆಯೋರು ಏನಂತೀರಾ?